ಉಪ್ಪಿನ ಪೊಟ್ಟಣದಿಂದ ಕುಶಲಕರ್ಮಿಯ ಲೆಕ್ಕಪುಸ್ತಕದವರೆಗೆ: ಕಮಲಾದೇವಿ ಚಟ್ಟೋಪಾಧ್ಯಾಯ

1930ರ ಏಪ್ರಿಲ್ ತಿಂಗಳು. ಮುಂಬಯಿಯ ಚೌಪಾಟಿ ಕಡಲತೀರದಲ್ಲಿ ಸಮುದ್ರದ ನೀರು ಕಾಯಿಸಿ ತೆಗೆದ ಉಪ್ಪನ್ನು ಪುಟ್ಟ ಪೊಟ್ಟಣಗಳಲ್ಲಿ ಕಟ್ಟಿಕೊಂಡು ಇಪ್ಪತ್ತೇಳು ವರ್ಷದ ಮಹಿಳೆಯೊಬ್ಬರು ನಗರದ ಷೇರುಪೇಟೆಯೊಳಗೆ ನಡೆದರು. ಕಂಪನಿಗಳ ಷೇರು ಬಿಕರಿಯಾಗುವ ಆ ಕಟ್ಟಡದಲ್ಲಿ ಅವರು ಮಾರಿದ್ದು ಸರ್ಕಾರಕ್ಕೆ ಕವಡೆ ಕಾಸಿನ ತೆರಿಗೆಯನ್ನೂ ಕಟ್ಟದ ಉಪ್ಪನ್ನು. ಬ್ರಿಟಿಷ್ ಸರ್ಕಾರದ ದೃಷ್ಟಿಯಲ್ಲಿ ಅದು ಕಳ್ಳ ಸರಕು. ಆ ಅಪರಾಧಕ್ಕಾಗಿ ಅವರು ಸೆರೆಮನೆಗೂ ಹೋದರು.

ಆ ಮಹಿಳೆ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ. ಇಪ್ಪತ್ತೆರಡು ವರ್ಷಗಳ ನಂತರ, 1952ರಲ್ಲಿ, ಸ್ವತಂತ್ರ ಭಾರತದ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷ ಸ್ಥಾನದಲ್ಲಿ ಕುಳಿತವರೂ ಅವರೇ. ತೆರಿಗೆಯ ಕಾನೂನನ್ನು ಮುರಿದು ಹೋರಾಟಕ್ಕಿಳಿದ ಕೈಗಳು ನೋಂದಣಿ, ಖಾತೆ, ರಶೀದಿ, ದಾಸ್ತಾನುಗಳ ಲೋಕಕ್ಕೆ ಬಂದು ನಿಂತವು. ಮೇಲ್ನೋಟಕ್ಕೆ ಇವೆರಡೂ ಬೇರೆ ಬೇರೆ ಬದುಕುಗಳಂತೆ ಕಾಣುತ್ತವೆ. ಆದರೆ ಎರಡರ ಹಿಂದೆಯೂ ಇದ್ದದ್ದು ಒಂದೇ ಪ್ರಶ್ನೆ: ಕೈಯಾರೆ ಮಾಡಿದ ವಸ್ತು ಮಾರಾಟವಾದಾಗ ಅದರ ಹಣ ಯಾರಿಗೆ, ಯಾವಾಗ, ಎಷ್ಟು ತಲುಪುತ್ತದೆ?

ಆಸ್ತಿಯ ಮೊದಲ ಪಾಠ

ಕಮಲಾದೇವಿ ಹುಟ್ಟಿದ್ದು 1903ರ ಏಪ್ರಿಲ್ 3ರಂದು, ಮಂಗಳೂರಿನ ಸಾರಸ್ವತ ಕುಟುಂಬದಲ್ಲಿ. ತಂದೆ ಅನಂತಯ್ಯ ಧಾರೇಶ್ವರ ಸರ್ಕಾರದಲ್ಲಿ ಉನ್ನತ ಅಧಿಕಾರಿ. ತಾಯಿ ಗಿರಿಜಾಬಾಯಿ ಆ ಕಾಲಕ್ಕೆ ಅಪರೂಪವೆನಿಸಿದ ಓದು ಮತ್ತು ಸ್ವಂತ ವಿಚಾರಗಳನ್ನು ಹೊಂದಿದ್ದ ಮಹಿಳೆ. ಮನೆಗೆ ಬರುತ್ತಿದ್ದ ಸುಧಾರಕರು ಮತ್ತು ರಾಷ್ಟ್ರೀಯ ನಾಯಕರ ಮಾತುಗಳನ್ನು ಕೇಳುತ್ತಾ ಮಗಳು ಬೆಳೆದಳು.

ಕಮಲಾದೇವಿಗೆ ಏಳು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ಅವರು ಉಯಿಲು ಬರೆದಿಟ್ಟಿರಲಿಲ್ಲ. ಅಂದಿನ ಕಾನೂನಿನಂತೆ ಆಸ್ತಿಯೆಲ್ಲವೂ ಮೊದಲ ಹೆಂಡತಿಯ ಮಗನ ಪಾಲಾಯಿತು. ಹೆಂಡತಿಗೂ ಹೆಣ್ಣುಮಕ್ಕಳಿಗೂ ಉಳಿದದ್ದು ತಿಂಗಳ ಭತ್ಯೆಯ ಭರವಸೆ ಮಾತ್ರ. ಗಿರಿಜಾಬಾಯಿ ಆ ಭತ್ಯೆಯನ್ನು ನಿರಾಕರಿಸಿ ತವರಿನಿಂದ ಬಂದ ಸ್ತ್ರೀಧನದಲ್ಲೇ ಮಕ್ಕಳನ್ನು ಸಾಕಲು ನಿರ್ಧರಿಸಿದರು. ದುಡಿಮೆಗೂ ಒಡೆತನಕ್ಕೂ ನಡುವೆ ಒಂದು ಕಾಗದ ನಿಂತಿರುತ್ತದೆ ಎಂಬುದನ್ನೂ, ಆ ಕಾಗದದಲ್ಲಿ ಹೆಸರಿಲ್ಲದವರ ಪಾಡು ಏನಾಗುತ್ತದೆ ಎಂಬುದನ್ನೂ ಕಮಲಾದೇವಿ ಬಾಲ್ಯದಲ್ಲೇ ಕಂಡರು.

1917ರಲ್ಲಿ, ಹದಿನಾಲ್ಕರ ವಯಸ್ಸಿನಲ್ಲಿ ಅವರಿಗೆ ಮದುವೆಯಾಯಿತು. ಎರಡೇ ವರ್ಷಗಳಲ್ಲಿ ವೈಧವ್ಯ ಬಂತು. ಸಂಪ್ರದಾಯ ವಿಧಿಸಿದ್ದ ಮೂಲೆಯಲ್ಲಿ ಕೂರದೆ ಅವರು ಮದರಾಸಿಗೆ ಹೋಗಿ ಕಾಲೇಜು ಸೇರಿದರು. ಅಲ್ಲಿ ಸರೋಜಿನಿ ನಾಯ್ಡು ಅವರ ತಮ್ಮ, ಕವಿ ಹಾಗೂ ನಟ ಹರೀಂದ್ರನಾಥ ಚಟ್ಟೋಪಾಧ್ಯಾಯರ ಪರಿಚಯವಾಗಿ ಮದುವೆಯಾದರು. ವಿಧವೆಯ ಮರುಮದುವೆ, ಅದೂ ಬೇರೆ ಭಾಷೆಯ ಪ್ರಾಂತ್ಯದವರೊಡನೆ ಎಂಬ ಕಾರಣಕ್ಕೆ ಸಮಾಜದಲ್ಲಿ ದೊಡ್ಡ ಗುಲ್ಲೆದ್ದಿತು. ಮುಂದೆ ಈ ದಾಂಪತ್ಯವೂ ವಿಚ್ಛೇದನದಲ್ಲಿ ಕೊನೆಗೊಂಡಿತು. ರಂಗಭೂಮಿಯ ಮೇಲಿನ ಪ್ರೀತಿ ಮಾತ್ರ ಕೊನೆಯವರೆಗೂ ಉಳಿಯಿತು. 1930ರ ದಶಕದ ಆರಂಭದಲ್ಲಿ ಮೋಹನ್ ಭವನಾನಿ ನಿರ್ದೇಶಿಸಿದ ‘ಮೃಚ್ಛಕಟಿಕ’ದ ಮೂಕಿ ಚಿತ್ರದಲ್ಲಿ ಅವರು ಅಭಿನಯಿಸಿದ್ದನ್ನು ಕನ್ನಡ ಚಿತ್ರರಂಗದ ಇತಿಹಾಸ ಇಂದಿಗೂ ನೆನೆಯುತ್ತದೆ.

ಚುನಾವಣೆಯಿಂದ ಸತ್ಯಾಗ್ರಹಕ್ಕೆ

ಲಂಡನ್ನಿನಲ್ಲಿ ಓದುತ್ತಿದ್ದ ಕಮಲಾದೇವಿ ಗಾಂಧೀಜಿಯವರ ಅಸಹಕಾರ ಚಳವಳಿಯ ಸುದ್ದಿ ತಿಳಿದು 1923ರಲ್ಲಿ ಸ್ವದೇಶಕ್ಕೆ ಮರಳಿ ಸೇವಾದಳ ಸೇರಿದರು. 1926ರಲ್ಲಿ ಮದರಾಸು ಶಾಸನಸಭೆಯ ಚುನಾವಣೆಗೆ ಸ್ಪರ್ಧಿಸಿದರು. ಮಹಿಳೆಯೊಬ್ಬರು ಶಾಸನಸಭೆಯ ಚುನಾವಣಾ ಕಣಕ್ಕಿಳಿದದ್ದು ದೇಶದಲ್ಲೇ ಹೊಸ ಸಂಗತಿಯಾಗಿತ್ತು. ಅತ್ಯಲ್ಪ ಮತಗಳ ಅಂತರದಲ್ಲಿ ಅವರು ಸೋತರು. ಮರುವರ್ಷ ಸ್ಥಾಪನೆಯಾದ ಅಖಿಲ ಭಾರತ ಮಹಿಳಾ ಸಮ್ಮೇಳನದ ಸಂಘಟನಾ ಕಾರ್ಯದರ್ಶಿಯಾಗಿ ದುಡಿದರು.

ಉಪ್ಪಿನ ಸತ್ಯಾಗ್ರಹದ ಯೋಜನೆಯಲ್ಲಿ ಮೊದಲಿಗೆ ಮಹಿಳೆಯರಿಗೆ ಸ್ಥಾನವಿರಲಿಲ್ಲ. ಕಮಲಾದೇವಿ ಗಾಂಧೀಜಿಯವರನ್ನು ಭೇಟಿಯಾಗಿ ಮಹಿಳೆಯರೂ ಭಾಗವಹಿಸಲು ಕರೆ ನೀಡಬೇಕೆಂದು ಒಪ್ಪಿಸಿದರು. ಉಪ್ಪು ಅಡುಗೆಮನೆಯ ಸರಕು. ಅದರ ತೆರಿಗೆಯ ಭಾರ ಹೊತ್ತಿದ್ದವರಲ್ಲಿ ಹೆಂಗಸರೇ ಮುಂದೆ. ಮುಂಬಯಿಯಲ್ಲಿ ಕಾನೂನು ಮುರಿದ ಮೊದಲ ತಂಡದಲ್ಲಿ ಅವಂತಿಕಾಬಾಯಿ ಗೋಖಲೆ ಅವರೊಂದಿಗೆ ಕಮಲಾದೇವಿಯೂ ಇದ್ದರು. ಅಲ್ಲಿಂದ ಮುಂದೆ ಸೆರೆವಾಸಗಳ ಸರಣಿಯೇ ನಡೆಯಿತು. 1936ರಲ್ಲಿ ಅವರು ಕಾಂಗ್ರೆಸ್ ಸಮಾಜವಾದಿ ಪಕ್ಷದ ಅಧ್ಯಕ್ಷರಾದರು.

1947ರಲ್ಲಿ ಸ್ವಾತಂತ್ರ್ಯ ಬಂದಾಗ ಅವರ ಓರಗೆಯ ಅನೇಕರು ಮಂತ್ರಿಗಳಾದರು, ರಾಯಭಾರಿಗಳಾದರು. ಕಮಲಾದೇವಿ ಮುಖ ಮಾಡಿದ್ದು ನಿರಾಶ್ರಿತರ ಶಿಬಿರಗಳತ್ತ.

ನಿರಾಶ್ರಿತರ ಶಿಬಿರದಲ್ಲಿ ಕಂಡ ಸತ್ಯ

ದೇಶವಿಭಜನೆಯಿಂದ ಲಕ್ಷಾಂತರ ಮಂದಿ ದೆಹಲಿಗೆ ಬಂದು ಬಿದ್ದಿದ್ದರು. ಅವರಲ್ಲಿ ನೇಕಾರರು, ಕಸೂತಿಯವರು, ಬಡಗಿಗಳು, ಕಂಚುಗಾರರು ಎಲ್ಲರೂ ಇದ್ದರು. ಕೈಯಲ್ಲಿ ವಿದ್ಯೆ ಇತ್ತು. ಆದರೆ ಅಂಗಡಿ, ಗಿರಾಕಿ, ಸಾಲ ಕೊಡುವವರು ಎಲ್ಲವೂ ಗಡಿಯಾಚೆ ಉಳಿದಿದ್ದವು. ದಾನದ ಅನ್ನ ಎಷ್ಟು ದಿನ ನಡೆದೀತು? 1948ರಲ್ಲಿ ಕಮಲಾದೇವಿ ತಮ್ಮ ಸಂಗಡಿಗರೊಂದಿಗೆ ಇಂಡಿಯನ್ ಕೋಆಪರೇಟಿವ್ ಯೂನಿಯನ್ ಸ್ಥಾಪಿಸಿದರು. ದೆಹಲಿಯ ಹೊರವಲಯದ ಛತರ್‌ಪುರದಲ್ಲಿ ಸಹಕಾರಿ ಬೇಸಾಯದ ಊರು ತಲೆಯೆತ್ತಿತು. ವಾಯವ್ಯ ಗಡಿ ಪ್ರಾಂತ್ಯದಿಂದ ಬಂದವರಿಗಾಗಿ ಫರಿದಾಬಾದಿನಲ್ಲಿ ಹೊಸ ಪಟ್ಟಣ ಕಟ್ಟುವ ಕೆಲಸದಲ್ಲೂ ಈ ಸಂಸ್ಥೆ ಪಾಲ್ಗೊಂಡಿತು. ಆಗ ಅವರ ಜೊತೆಗಿದ್ದ ಯುವ ಕಾರ್ಯಕರ್ತ ಎಲ್.ಸಿ. ಜೈನ್ ಮುಂದೆ ದೇಶದ ಹೆಸರಾಂತ ಸಹಕಾರಿ ಚಿಂತಕರಾಗಿ ಬೆಳೆದರು.

ಇಲ್ಲಿ ಕಮಲಾದೇವಿ ಹಿಡಿದ ಮೊದಲ ದಾರಿ ನೋಂದಣಿ. ಒಬ್ಬಂಟಿ ಕುಶಲಕರ್ಮಿಯನ್ನು ಬ್ಯಾಂಕು ನಂಬುವುದಿಲ್ಲ. ಕಚ್ಚಾ ಮಾಲಿನ ವ್ಯಾಪಾರಿ ಅವನಿಗೆ ಸಗಟು ಬೆಲೆ ಕೊಡುವುದಿಲ್ಲ. ದೊಡ್ಡ ಅಂಗಡಿ ಅವನ ಷರತ್ತಿಗೆ ಕಿವಿಗೊಡುವುದಿಲ್ಲ. ಅದೇ ಇಪ್ಪತ್ತು ಜನ ಸೇರಿ ಷೇರು ಹಣ ಹಾಕಿ, ನಿಯಮಾವಳಿ ಬರೆದು, ಸಹಕಾರಿ ಸಂಘವೆಂದು ನೋಂದಾಯಿಸಿದರೆ ಅವರಿಗೊಂದು ಹೆಸರು, ಒಂದು ಖಾತೆ, ಒಂದು ಮೊಹರು ಸಿಗುತ್ತದೆ. ಉಪ್ಪಿನ ದಿನಗಳಲ್ಲಿ ಸರ್ಕಾರದ ಮುದ್ರೆಯನ್ನು ಧಿಕ್ಕರಿಸಿದ್ದ ಕಮಲಾದೇವಿಗೆ ಈಗ ನೋಂದಣಿಯ ಮುದ್ರೆ ಬಡವನ ಕೈಯ ಆಯುಧವಾಗಿ ಕಂಡಿತು.

ಜನಪಥದ ಅಂಗಡಿ

1948ರಲ್ಲಿ ಕೇಂದ್ರ ಸರ್ಕಾರ ದೆಹಲಿಯಲ್ಲಿ ಗುಡಿ ಕೈಗಾರಿಕೆಗಳ ಮಾರಾಟ ಮಳಿಗೆಯೊಂದನ್ನು ಆರಂಭಿಸಿತ್ತು. ಸೇನೆಯ ಹಳೆಯ ಬ್ಯಾರಕ್ಕುಗಳಲ್ಲಿ ನಡೆಯುತ್ತಿದ್ದ ಈ ಮಳಿಗೆಯನ್ನು 1952ರಲ್ಲಿ ಇಂಡಿಯನ್ ಕೋಆಪರೇಟಿವ್ ಯೂನಿಯನ್‌ಗೆ ವಹಿಸಲಾಯಿತು. ಅದೇ ಸೆಂಟ್ರಲ್ ಕಾಟೇಜ್ ಇಂಡಸ್ಟ್ರೀಸ್ ಎಂಪೋರಿಯಂ. ದೆಹಲಿಯ ಜನರ ಬಾಯಲ್ಲಿ ಅದು ಬರೀ ‘ಕಾಟೇಜ್’. ಅದೇ ವರ್ಷ ಅಖಿಲ ಭಾರತ ಕರಕುಶಲ ಮಂಡಳಿಯೂ ಹುಟ್ಟಿ, ಕಮಲಾದೇವಿ ಅದರ ಅಧ್ಯಕ್ಷರಾಗಿ ದೀರ್ಘಕಾಲ ಮುನ್ನಡೆಸಿದರು.

ಅಂಗಡಿಯೊಂದು ಕುಶಲಕರ್ಮಿಯ ಸರಕನ್ನು ಕೊಳ್ಳುವುದಕ್ಕೆ ಮುಖ್ಯವಾಗಿ ಮೂರು ದಾರಿಗಳಿವೆ. ನಗದು ಕೊಟ್ಟು ಕೊಳ್ಳುವುದು ಮೊದಲನೆಯದು. ಮುಂಗಡ ಕೊಟ್ಟು ಮಾಡಿಸಿಕೊಳ್ಳುವುದು ಎರಡನೆಯದು. ಸರಕನ್ನು ಅಂಗಡಿಯಲ್ಲಿಟ್ಟು, ಮಾರಾಟವಾದ ಮೇಲೆ ತನ್ನ ಕಮಿಷನ್ ಹಿಡಿದುಕೊಂಡು ಉಳಿದದ್ದನ್ನು ಕೊಡುವುದು, ಮಾರಾಟವಾಗದಿದ್ದರೆ ಹಿಂದಿರುಗಿಸುವುದು ಮೂರನೆಯದು. ಇದನ್ನೇ ಕನ್ಸೈನ್‌ಮೆಂಟ್ ಎನ್ನುತ್ತಾರೆ.

ಅಂಗಡಿಯವನಿಗೆ ಮೂರನೆಯ ದಾರಿ ಬಹಳ ಸುಲಭ. ಬಂಡವಾಳ ಬೇಡ, ನಷ್ಟದ ಭಯವಿಲ್ಲ, ಕಪಾಟು ಮಾತ್ರ ತುಂಬಿರುತ್ತದೆ. ಕುಶಲಕರ್ಮಿಯ ಕಡೆಯಿಂದ ನೋಡಿದರೆ ಚಿತ್ರ ಬೇರೆ. ಬೀದರಿನ ಬಿದ್ರಿ ಕೆಲಸವನ್ನೇ ತೆಗೆದುಕೊಳ್ಳಬಹುದು. ಸತು ಮತ್ತು ತಾಮ್ರದ ಮಿಶ್ರಲೋಹದಲ್ಲಿ ಹೂಜಿ ಎರಕ ಹೊಯ್ದು, ಉಳಿಯಿಂದ ಚಿತ್ತಾರ ಕೊರೆದು, ಆ ಗೆರೆಗಳಲ್ಲಿ ಬೆಳ್ಳಿಯ ತಂತಿ ಕೂರಿಸಿ, ಬೀದರ್ ಕೋಟೆಯ ಮಣ್ಣನ್ನು ನವಸಾಗರದೊಂದಿಗೆ ಬೆರೆಸಿ ಕಪ್ಪು ಬಣ್ಣ ಬರಿಸಬೇಕು. ಬೆಳ್ಳಿಯನ್ನು ಯಾರೂ ಕುಶಲಕರ್ಮಿಗೆ ಸುಮ್ಮನೆ ಕೊಡುವುದಿಲ್ಲ; ಅದನ್ನು ನಗದು ಕೊಟ್ಟೇ ತರಬೇಕು. ಹೂಜಿ ದೂರದ ನಗರದ ಅಂಗಡಿಯಲ್ಲಿ ಎಂಟು ತಿಂಗಳು ಕುಳಿತರೆ ಕುಶಲಕರ್ಮಿಯ ಬೆಳ್ಳಿಯೂ ಎಂಟು ತಿಂಗಳು ಅಲ್ಲೇ ಕುಳಿತಿರುತ್ತದೆ. ಮುಂದಿನ ಹೂಜಿಗೆ ಅವನು ಸಾಹುಕಾರನ ಬಳಿ ಬಡ್ಡಿಗೆ ಸಾಲ ಮಾಡಬೇಕು. ಸಾಗಣೆಯಲ್ಲಿ ನಗ್ಗಿದರೆ, ಗಾಜಿನ ಕಪಾಟಿನಲ್ಲಿ ಬಣ್ಣ ಮಂಕಾದರೆ, ಆ ನಷ್ಟವೂ ಬಹುಪಾಲು ಅವನದೇ.

ಕರಕುಶಲ ಕಲೆಗಳು ಅಳಿಯುವುದು ಕೌಶಲ ಮರೆತುಹೋಗುವುದರಿಂದ ಮಾತ್ರವಲ್ಲ, ಕೌಶಲವಿದ್ದೂ ಮುಂದಿನ ವಸ್ತುವಿಗೆ ಬಂಡವಾಳವಿಲ್ಲದೆ ಹೋಗುವುದರಿಂದಲೂ ಅಳಿಯುತ್ತವೆ. ಕಮಲಾದೇವಿಯವರ ದುಡಿಮೆಯ ತಿರುಳು ಇಲ್ಲಿದೆ. ಸಹಕಾರಿ ಸಂಘ, ಸಾಲದ ವ್ಯವಸ್ಥೆ, ಕಚ್ಚಾ ಮಾಲಿನ ಪೂರೈಕೆ, ದಲ್ಲಾಳಿಯಿಲ್ಲದ ಮಳಿಗೆ ಇವೆಲ್ಲವನ್ನೂ ಅವರು ಒಂದೇ ಸರಪಳಿಯ ಕೊಂಡಿಗಳಾಗಿ ಕಂಡರು. ಸುಂದರ ವಸ್ತುಗಳ ಬಗ್ಗೆ ಬರೆದವರು ಆ ಕಾಲದಲ್ಲಿ ಅನೇಕರಿದ್ದರು. ಆ ವಸ್ತು ಮಾಡಿದವನ ಮನೆಯ ಒಲೆಯ ಬಗ್ಗೆ ಅಷ್ಟೇ ಶ್ರದ್ಧೆಯಿಂದ ಯೋಚಿಸಿದವರು ಕೆಲವರೇ.

ಊರೂರು ಸುತ್ತಿದ ಅಧ್ಯಕ್ಷೆ

ಮಂಡಳಿಯ ಅಧ್ಯಕ್ಷೆಯಾಗಿ ಕಮಲಾದೇವಿ ದೇಶದ ಮೂಲೆಮೂಲೆ ಸುತ್ತಿದರು. ಕುಶಲಕರ್ಮಿಗಳ ಕೇರಿಗಳಿಗೆ ಹೋಗಿ, ಅವರ ಮಗ್ಗದ ಪಕ್ಕ, ಕುಲುಮೆಯ ಪಕ್ಕ ಕುಳಿತು ವಿಚಾರಿಸುವುದು ಅವರ ರೂಢಿ. ಆಂಧ್ರದ ಶ್ರೀಕಾಳಹಸ್ತಿಯಲ್ಲಿ ಕೊನೆಯುಸಿರೆಳೆಯುತ್ತಿದ್ದ ಕಲಂಕಾರಿ ಕಲೆಗೆ 1950ರ ದಶಕದ ಉತ್ತರಾರ್ಧದಲ್ಲಿ ತರಬೇತಿ ಕೇಂದ್ರ ಆರಂಭವಾಯಿತು. ಜಯಪುರದ ನೀಲಿ ಕುಂಭಕಲೆ ಮತ್ತೆ ಚಿಗುರುವುದರಲ್ಲಿಯೂ ಅವರ ಉತ್ತೇಜನವಿತ್ತು. ಬೆಂಗಳೂರು, ಮುಂಬಯಿ, ಕಲ್ಕತ್ತ, ದೆಹಲಿಗಳಲ್ಲಿ ಮಂಡಳಿಯ ಪ್ರಾದೇಶಿಕ ವಿನ್ಯಾಸ ಕೇಂದ್ರಗಳು ತಲೆಯೆತ್ತಿದವು. ರಫ್ತಿನ ಹೊಣೆ ಹೊರಲು 1958ರಲ್ಲಿ ಪ್ರತ್ಯೇಕ ನಿಗಮ ಸ್ಥಾಪನೆಯಾಯಿತು.

1964ರಲ್ಲಿ ಕಮಲಾದೇವಿಯವರ ಮುಂದಾಳತ್ವದಲ್ಲಿ ಭಾರತೀಯ ಕ್ರಾಫ್ಟ್ಸ್ ಕೌನ್ಸಿಲ್ ಸ್ಥಾಪನೆಯಾಯಿತು. ನ್ಯೂಯಾರ್ಕಿನಲ್ಲಿ ಅದೇ ವರ್ಷ ಹುಟ್ಟಿದ ವಿಶ್ವ ಕರಕುಶಲ ಪರಿಷತ್ತಿನ ಸ್ಥಾಪಕರಲ್ಲಿಯೂ ಅವರು ಒಬ್ಬರು. 1965ರಿಂದ ಶ್ರೇಷ್ಠ ಕುಶಲಕರ್ಮಿಗಳಿಗೆ ರಾಷ್ಟ್ರಪ್ರಶಸ್ತಿ ನೀಡುವ ಪದ್ಧತಿ ಬಂತು. ಅಲ್ಲಿಯವರೆಗೆ ಅಂಗಡಿಯ ಹೆಸರಿನಲ್ಲಿ ಮಾರಾಟವಾಗುತ್ತಿದ್ದ ವಸ್ತುಗಳ ಹಿಂದಿನ ಕೈಗಳಿಗೆ ಮೊದಲ ಬಾರಿಗೆ ದೇಶದ ಮಟ್ಟದಲ್ಲಿ ಹೆಸರು ಬಂತು. ಕರ್ನಾಟಕದಲ್ಲಿಯೂ 1964ರಲ್ಲಿ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮ ರೂಪುಗೊಂಡು, ‘ಕಾವೇರಿ’ ಮಳಿಗೆಗಳ ಮೂಲಕ ಚನ್ನಪಟ್ಟಣದ ಗೊಂಬೆ, ಮೈಸೂರಿನ ಬೀಟೆಮರದ ಕುಸುರಿ, ಶ್ರೀಗಂಧದ ಕೆತ್ತನೆಗಳು ನಗರದ ಗಿರಾಕಿಗೆ ಪರಿಚಿತವಾದವು.

ತೆರಿಗೆಯ ತೊಡಕು

ಕುಶಲಕರ್ಮಿ ತನ್ನ ಊರಿನ ಸಂತೆಯಲ್ಲಿ ಮಾರುವವರೆಗೆ ತೆರಿಗೆಯ ಮಾತು ದೂರವೇ ಇರುತ್ತದೆ. ಸರಕು ರಾಜ್ಯದ ಗಡಿ ದಾಟಿ ದೆಹಲಿಯ ಅಂಗಡಿಗೆ ಹೊರಟ ಕೂಡಲೇ ಕಾಗದ ಬೇಕಾಗುತ್ತದೆ. ಕಮಲಾದೇವಿ ಮಂಡಳಿಯಲ್ಲಿದ್ದ ಕಾಲದಲ್ಲೇ, 1956ರಲ್ಲಿ, ಕೇಂದ್ರ ಮಾರಾಟ ತೆರಿಗೆ ಕಾಯ್ದೆ ಬಂತು. ರಾಜ್ಯಗಳಿಗೆ ಅವುಗಳದೇ ಮಾರಾಟ ತೆರಿಗೆಗಳಿದ್ದವು. ಮಾರಾಟಕ್ಕೆಂದು ಏಜೆಂಟನಿಗೆ ಒಪ್ಪಿಸಿದ ಸರಕು ಇನ್ನೂ ಮಾರಾಟವಾಗಿಲ್ಲ. ಆದ್ದರಿಂದ ಆ ಹಂತದಲ್ಲಿ ಮಾರಾಟ ತೆರಿಗೆಯೂ ಇಲ್ಲ ಎಂಬುದು ಅಂದಿನ ತರ್ಕ. 1982ರ ಸಂವಿಧಾನ ತಿದ್ದುಪಡಿ ಇಂಥ ರವಾನೆಯ ಮೇಲೂ ತೆರಿಗೆ ಹಾಕುವ ಅಧಿಕಾರವನ್ನು ಸಂಸತ್ತಿಗೆ ನೀಡಿತಾದರೂ ಆ ತೆರಿಗೆ ಜಾರಿಗೆ ಬರಲಿಲ್ಲ.

2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಬಂದ ಮೇಲೆ ಲೆಕ್ಕ ಬದಲಾಯಿತು. ತೆರಿಗೆ ಬೀಳುವುದು ಮಾರಾಟದ ಮೇಲಲ್ಲ, ಪೂರೈಕೆಯ ಮೇಲೆ. ನೋಂದಾಯಿತ ಕುಶಲಕರ್ಮಿಯ ಸರಕನ್ನು ಅವನ ಪರವಾಗಿ ಮಾರುವ ಅಂಗಡಿ ಗಿರಾಕಿಗೆ ತನ್ನ ಹೆಸರಿನಲ್ಲಿ ಬಿಲ್ ಕೊಡುವುದಾದರೆ, ಆ ಅಂಗಡಿಗೆ ಸರಕು ಒಪ್ಪಿಸಿದ್ದೇ ಪೂರೈಕೆಯೆಂದು ಕಾನೂನು ಪರಿಗಣಿಸುತ್ತದೆ. ಅಂದರೆ ಗಿರಾಕಿಯ ಹಣ ಕೈಸೇರುವ ಮೊದಲೇ ತೆರಿಗೆಯ ಹೊಣೆ ಬಂದು ನಿಲ್ಲುತ್ತದೆ. ಬಿಲ್ ಕುಶಲಕರ್ಮಿಯ ಹೆಸರಿನಲ್ಲೇ ಇದ್ದರೆ ಹಾಗಾಗುವುದಿಲ್ಲ. ಈ ವ್ಯತ್ಯಾಸವನ್ನು 2018ರ ಸೆಪ್ಟೆಂಬರಿನಲ್ಲಿ ಹೊರಬಂದ ಸುತ್ತೋಲೆ ಸ್ಪಷ್ಟಪಡಿಸಿತು. ಒಪ್ಪಿಗೆಯಾದರೆ ಮಾರಾಟ, ಇಲ್ಲವಾದರೆ ವಾಪಸು ಎಂಬ ಷರತ್ತಿನ ಮೇಲೆ ಕಳುಹಿಸಿದ ಸರಕಿಗೆ ಆರು ತಿಂಗಳ ಗಡುವಿದೆ. ಅಷ್ಟರೊಳಗೆ ಅದು ಮಾರಾಟವಾಗದೆಯೂ ಹಿಂದಿರುಗದೆಯೂ ಇದ್ದರೆ ಬಿಲ್ ಬರೆಯಲೇಬೇಕು.

ಸಣ್ಣವರಿಗೆ ರಿಯಾಯಿತಿಗಳೂ ಬಂದವು. ಗಡಿಯಾಚೆಗಿನ ಮಾರಾಟಕ್ಕೆ ನೋಂದಣಿ ಕಡ್ಡಾಯವೆಂಬ ನಿಯಮದಿಂದ, ಪಟ್ಟಿಯಲ್ಲಿ ಹೆಸರಿಸಿದ ಕರಕುಶಲ ವಸ್ತುಗಳ ಸಣ್ಣ ಪೂರೈಕೆದಾರರಿಗೆ ವಾರ್ಷಿಕ ವಹಿವಾಟಿನ ಮಿತಿಯೊಳಗೆ 2017ರ ಸೆಪ್ಟೆಂಬರಿನಲ್ಲಿ ವಿನಾಯಿತಿ ಸಿಕ್ಕಿತು. ರಾಜ್ಯದೊಳಗೇ ಸರಕು ಮಾರುವವರ ನೋಂದಣಿ ಮಿತಿ 2019ರ ಏಪ್ರಿಲ್‌ನಿಂದ ಕರ್ನಾಟಕವೂ ಸೇರಿದಂತೆ ಬಹುತೇಕ ರಾಜ್ಯಗಳಲ್ಲಿ 40 ಲಕ್ಷ ರೂಪಾಯಿಗೆ ಏರಿತು. ಆದರೆ ರಿಯಾಯಿತಿ ಇದೆಯೆಂದು ತಿಳಿಯಲೂ, ಅದನ್ನು ಅಂಗಡಿಯ ಮುಂದೆ ಸಾಧಿಸಲೂ ಕಾಗದ ಬಲ್ಲವರು ಬೇಕು. ಯಾವ ದಿನ, ಎಷ್ಟು ವಸ್ತು, ಯಾವ ಬೆಲೆಗೆ ಕೊಡಲಾಯಿತು, ಕಮಿಷನ್ ಎಷ್ಟು, ಹಣ ಯಾವ ಗಡುವಿನೊಳಗೆ, ಬಿಲ್ ಯಾರ ಹೆಸರಿನಲ್ಲಿ, ಒಡೆದರೆ ನಷ್ಟ ಯಾರದು ಎಂಬುದನ್ನು ಬರೆದಿಟ್ಟುಕೊಳ್ಳದ ಕುಶಲಕರ್ಮಿ ಇಂದಿಗೂ ಸೋಲುತ್ತಾನೆ. ಬಿಡಿ ಬಿಡಿಯಾಗಿ ಸೋಲುವವರನ್ನು ನೋಂದಾಯಿತ ಸಂಘವಾಗಿ ಒಗ್ಗೂಡಿಸಬೇಕೆಂಬ ಕಮಲಾದೇವಿಯವರ ಹಟ ಇಲ್ಲಿ ಅರ್ಥ ಪಡೆಯುತ್ತದೆ.

ಗೆಲುವು, ಸೋಲು

ಕಮಲಾದೇವಿ ಕಟ್ಟಿದ್ದೆಲ್ಲವೂ ಅವರು ಬಯಸಿದಂತೆ ಉಳಿಯಲಿಲ್ಲ. ಸಹಕಾರಿ ಸಂಸ್ಥೆಯ ಕೈಯಲ್ಲಿ ಬೆಳೆದ ಎಂಪೋರಿಯಂ ಕ್ರಮೇಣ ಸರ್ಕಾರದ ವಶಕ್ಕೆ ಮರಳಿತು; 1976ರಲ್ಲಿ ಅದಕ್ಕಾಗಿ ಕೇಂದ್ರದ ನಿಗಮವೇ ರಚನೆಯಾಯಿತು. ಕುಶಲಕರ್ಮಿಗಳೇ ಒಡೆಯರಾಗಬೇಕಿದ್ದ ಎಷ್ಟೋ ಸಹಕಾರ ಸಂಘಗಳು ಅಧಿಕಾರಿಗಳ ಸಹಿಗಾಗಿ ಕಾಯುವ ಕಚೇರಿಗಳಾದವು. ಸರ್ಕಾರದ ಆಶ್ರಯ ಕುಶಲಕರ್ಮಿಯನ್ನು ದಲ್ಲಾಳಿಯಿಂದ ಬಿಡಿಸಿತೋ ಅಥವಾ ಗುಮಾಸ್ತನಿಗೆ ಒಪ್ಪಿಸಿತೋ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. 2020ರಲ್ಲಿ ಕೇಂದ್ರ ಸರ್ಕಾರ ಅಖಿಲ ಭಾರತ ಕರಕುಶಲ ಮಂಡಳಿಯನ್ನು ರದ್ದುಪಡಿಸಿತು. 1958ರ ರಫ್ತು ನಿಗಮವನ್ನೂ ಮುಚ್ಚಲು 2021ರಲ್ಲಿ ತೀರ್ಮಾನಿಸಲಾಯಿತು.

ಗೌರವಗಳು ಮಾತ್ರ ಕಮಲಾದೇವಿಯವರನ್ನು ಹುಡುಕಿಕೊಂಡು ಬಂದವು. 1955ರಲ್ಲಿ ಪದ್ಮಭೂಷಣ, 1966ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ ಸಂದವು. ಭಾರತದ ಕರಕುಶಲಗಳ ಕುರಿತು ಅವರು ಬರೆದ ಗ್ರಂಥಗಳು ಈಗಲೂ ಅಧ್ಯಯನಕಾರರಿಗೆ ಆಕರಗಳು. 1986ರಲ್ಲಿ ಆತ್ಮಕಥೆ ಪ್ರಕಟವಾಯಿತು. ಎರಡು ವರ್ಷಗಳ ಬಳಿಕ, 1988ರ ಅಕ್ಟೋಬರ್ 29ರಂದು, ಮುಂಬಯಿಯಲ್ಲಿ ಅವರು ಕೊನೆಯುಸಿರೆಳೆದರು. ಐವತ್ತೆಂಟು ವರ್ಷಗಳ ಹಿಂದೆ ಉಪ್ಪಿನ ಪೊಟ್ಟಣ ಹಿಡಿದು ನಡೆದಿದ್ದ ನಗರವೇ ಅವರ ಕೊನೆಯ ನೆಲೆಯೂ ಆಯಿತು.

ಅವರ ನೆನಪಿಗೆ ಪ್ರಶಸ್ತಿಗಳಿವೆ, ಅವರ ಹೆಸರು ಹೊತ್ತ ಕರಕುಶಲ ಮಳಿಗೆಯೂ ಇದೆ. ಆದರೆ ನಿಜವಾದ ಸ್ಮರಣೆ ಸಣ್ಣ ಕೆಲಸವೊಂದರಲ್ಲಿದೆ. ಬೀದರಿನ ಹೂಜಿಯಾಗಲಿ, ಕಿನ್ನಾಳದ ಗೊಂಬೆಯಾಗಲಿ, ಇಳಕಲ್ಲಿನ ಸೀರೆಯಾಗಲಿ, ಅಂಗಡಿಯ ಬಾಗಿಲು ದಾಟುವ ಮುನ್ನ ಅದನ್ನು ಮಾಡಿದ ಕೈಗೆ ಸರಿಯಾದ ರಶೀದಿಯೊಂದು ಸಿಗಬೇಕು, ರಶೀದಿಯಲ್ಲಿ ಬರೆದ ದಿನಕ್ಕೆ ಹಣ ಸಿಗಬೇಕು. ತಂದೆ ಬರೆಯದೇ ಹೋದ ಒಂದು ಕಾಗದದಿಂದ ಮನೆಯನ್ನೇ ಕಳೆದುಕೊಂಡಿದ್ದ ಮಂಗಳೂರಿನ ಹುಡುಗಿ ತನ್ನ ಬದುಕಿನ ಉತ್ತರಾರ್ಧವನ್ನೆಲ್ಲ ಮೀಸಲಿಟ್ಟದ್ದು ಇದಕ್ಕಾಗಿಯೇ.